ಮಾಲೇಕಲ್ಲಿನ ಬೆಟ್ಟವೂ ಕಾಯಿಸಿ ಆರಿಸಿದ ನೀರೂ

ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದವರಿಗೆ ಮಾಲೇಕಲ್ಲು ತಿರುಪತಿ ದೂರವೇನಲ್ಲ. ತಪ್ಪಲಿನಲ್ಲಿ ಗೋವಿಂದರಾಜಸ್ವಾಮಿ, ನೆತ್ತಿಯಲ್ಲಿ ವೆಂಕಟರಮಣ. ನಡುವೆ ಸಾವಿರಕ್ಕೂ ಮೀರಿದ ಮೆಟ್ಟಿಲುಗಳು. ಆಷಾಢದ ಜಾತ್ರೆಯಲ್ಲಿ ಈ ಮೆಟ್ಟಿಲುಗಳ ಮೇಲೆ ಜನಪ್ರವಾಹವೇ ಹರಿಯುತ್ತದೆ. ಅದೇ ಮಳೆಗಾಲ, ಅದೇ ನೊಣಗಳ ಕಾಲ, ಹೊಸ ನೀರು ಬಾವಿಗಿಳಿಯುವ ಕಾಲ. ಭಕ್ತಿಗೆ ಯೋಗ್ಯವಾದ ಈ ಋತು ಹೊಟ್ಟೆಗೆ ಅಷ್ಟೇನೂ ಹಿತವಲ್ಲ.

ಅಂಥದೊಂದು ಜಾತ್ರೆಗೆ ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಸಂಸಾರವನ್ನು ಕರೆದೊಯ್ದಿದ್ದೆ. ತಂಗಿಯ ಎಚ್ಚರಿಕೆಗೆ ಮಿತಿಯಿರಲಿಲ್ಲ. ಮೊಹರು ಒಡೆಯದ ಬಾಟಲಿಯ ನೀರು ಬಿಟ್ಟು ಮಗನಿಗೆ ಬೇರೇನೂ ಇಲ್ಲ, ಹಲ್ಲುಜ್ಜಲೂ ಅದೇ. ಆದರೆ ಬೆಟ್ಟವಿಳಿದು ಬಂದ ಎಂಟು ವರ್ಷದ ಹುಡುಗ, ಪುಣ್ಯಾತ್ಮರು ತೆರೆದಿದ್ದ ಅರವಟ್ಟಿಗೆಯ ಮುಂದೆ ನಿಂತುಬಿಟ್ಟ. ಬೆಲ್ಲದ ಪಾನಕ, ಅದರಲ್ಲಿ ತೇಲುವ ಮಂಜುಗಡ್ಡೆ. ಬೇಡವೆನ್ನಲು ನನಗೇ ಮನಸ್ಸಾಗಲಿಲ್ಲ. ನೀರು ಹೆಪ್ಪುಗಟ್ಟಿದರೂ ಅದರೊಳಗಿನ ರೋಗಾಣುಗಳು ಸಾಯುವುದಿಲ್ಲವೆಂಬ ಮಾತು ಆ ಕ್ಷಣದಲ್ಲಿ ನೆನಪಿಗೆ ಬರಲಿಲ್ಲ. ಪಾನಕವೇ ಕಾರಣವೆಂದು ಆಣೆಯಿಟ್ಟು ಹೇಳಲಾರೆ. ಹೆಚ್ಚಿಟ್ಟ ಸೌತೇಕಾಯಿಯನ್ನೂ ಅವನು ತಿಂದಿದ್ದ. ನಾನೂ ಎರಡು ಲೋಟ ಕುಡಿದೆ, ನನಗೇನೂ ಆಗಲಿಲ್ಲ. ನಮ್ಮ ಕರುಳು ಈ ನೆಲದ ಅಣುಜೀವಿಗಳೊಡನೆ ಬಾಲ್ಯದಿಂದಲೇ ಪರಿಚಯ ಬೆಳೆಸಿಕೊಂಡಿರುತ್ತದೆ. ಹೊರಗಿನಿಂದ ಬಂದವರಿಗೆ ಆ ಪರಿಚಯವಿಲ್ಲ.

ಮಾರನೆಯ ದಿನ ಹಳೇಬೀಡು. 2023ರಲ್ಲಿ ಬೇಲೂರು, ಸೋಮನಾಥಪುರಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಹೊಯ್ಸಳೇಶ್ವರ ಗುಡಿಯ ಆನೆಗಳ ಸಾಲನ್ನು ಹುಡುಗ ಎಣಿಸುತ್ತ ಹೊರಟವನು, ಅರ್ಧದಲ್ಲೇ ಹೊಟ್ಟೆ ಹಿಡಿದು ಜಗತಿಯ ಮೇಲೆ ಕುಳಿತ. ಅರಸೀಕೆರೆಗೆ ಹಿಂದಿರುಗುವಷ್ಟರಲ್ಲಿ ನಾಲ್ಕು ಬಾರಿ ವಾಂತಿ, ಭೇದಿಗೆ ಲೆಕ್ಕವಿಲ್ಲ.

ಮನೆಯಲ್ಲಿ ಅಮ್ಮನ ತೀರ್ಪು ಸಿದ್ಧವಾಗಿತ್ತು: "ಒಂದು ತೊಟ್ಟು ನೀರೂ ಕೊಡಬೇಡಿ ಕಣೋ, ಕೊಟ್ಟಷ್ಟೂ ಹೆಚ್ಚಾಗುತ್ತೆ." ತಂಗಿ ತನ್ನ ಪೆಟ್ಟಿಗೆಯಿಂದ ಭೇದಿ ನಿಲ್ಲಿಸುವ ಗುಳಿಗೆ ತೆಗೆದಳು. ಹುಡುಗನ ಕಣ್ಣು ಗುಳಿಬಿದ್ದಿತ್ತು, ಮಧ್ಯಾಹ್ನದಿಂದ ಮೂತ್ರವಾಗಿರಲಿಲ್ಲ. ಪುಣ್ಯಕ್ಕೆ ವೈದ್ಯರು ಸಿಕ್ಕರು. ಅವರು ಎರಡನ್ನೂ ನಿರಾಕರಿಸಿದರು. ಆ ಗುಳಿಗೆ ಮಕ್ಕಳಿಗೆ ಸಲ್ಲದು. ನೀರು ನಿಲ್ಲಿಸುವುದಂತೂ ಅಪಾಯವನ್ನು ಕರೆದಂತೆ.

ಓಆರ್‌ಎಸ್ ಪೊಟ್ಟಣವೊಂದನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕದಡಿ, ಚಮಚೆ ಚಮಚೆಯಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಕುಡಿಸಬೇಕು. ಪೊಟ್ಟಣ ದೊರೆಯದ ಕಡೆ ಒಂದು ಲೀಟರಿಗೆ ಆರು ಸಮಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಈ ಅಳತೆ ತಪ್ಪಬಾರದು. ಸಕ್ಕರೆಯ ಅಂಶವು ಉಪ್ಪಿನ ಅಂಶವನ್ನು ಜೊತೆಗೂಡಿಸಿಕೊಂಡು ಕರುಳಿನ ಗೋಡೆಯನ್ನು ದಾಟುತ್ತದೆ, ಅವುಗಳ ಬೆನ್ನು ಹಿಡಿದು ನೀರೂ ಒಳಹೊಗುತ್ತದೆ. ಭೇದಿಯಲ್ಲೂ ಈ ಬಾಗಿಲು ಬಹುಮಟ್ಟಿಗೆ ತೆರೆದೇ ಇರುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಲವಣಜಲ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಾಬಿಸರು ಡ್ರಮ್ಮುಗಳಲ್ಲಿ ಈ ದ್ರಾವಣವನ್ನು ಕದಡಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅಂಥ ಮಹಾಕಾರ್ಯಕ್ಕೆ ಬೇಕಾದುದು ಉಪ್ಪು, ಸಕ್ಕರೆ, ತಾಳ್ಮೆ!

ಆ ರಾತ್ರಿ ಚಮಚೆ ಹಿಡಿದು ಕುಳಿತವರು ಅಮ್ಮನೇ. ಬೆಳಗಿನ ಜಾವ ಮೂರರ ಹೊತ್ತಿಗೆ ಹುಡುಗ ಮೂತ್ರಕ್ಕೆ ಎದ್ದಾಗ ಮನೆಮಂದಿಯೆಲ್ಲ ಎದ್ದು ಕುಳಿತೆವು. ವೈದ್ಯರು ಕೊಟ್ಟಿದ್ದ ಸತುವಿನ ಗುಳಿಗೆಯನ್ನು ಹದಿನಾಲ್ಕು ದಿನ ನುಂಗಿಸಿದೆವು. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಕುಡಿದದ್ದು ಒಂದಿಷ್ಟೂ ನಿಲ್ಲದಿದ್ದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕೆಂದೂ ಅವರು ಹೇಳಿದ್ದರು.

ಹಾಗೆಂದು ಜಾತ್ರೆಯನ್ನು ಬಿಡಬೇಕೇ? ಬೇಡ. ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ ಆರಿಸಿದ ನೀರನ್ನು ಮನೆಯಿಂದಲೇ ಒಯ್ಯಿರಿ. ಹಬೆಯಾಡುವ ಪುಳಿಯೋಗರೆ, ಸುಲಿದು ತಿನ್ನುವ ಬಾಳೆಹಣ್ಣು ನಿರ್ಭಯ. ಉಣ್ಣುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಕೋಸಂಬರಿಯನ್ನು ಮನೆಯ ಎಲೆಗೆ ಉಳಿಸಿಕೊಳ್ಳಿ. ಅರಸೀಕೆರೆಯ ಎಳನೀರಿಗಿಂತ ಶುದ್ಧ ಪಾನೀಯ ಬೇರೆ ಯಾವುದಿದೆ? ಆದರೆ ಮಚ್ಚು ಮತ್ತು ಕೊಳವೆಗೆ ಆ ಶುದ್ಧಿ ತಾನಾಗಿ ಬರುವುದಿಲ್ಲ.

ಐದನೆಯ ದಿನ ಬೇಲೂರಿಗೆ ಹೋದೆವು. ಚೆನ್ನಕೇಶವನ ಗುಡಿಯ ಹೊರಗೆ ಎಳನೀರಿನವನು ಕಾಯಿ ಎತ್ತಿಕೊಂಡಾಗ ಹುಡುಗ ತನ್ನ ಹರಕು ಕನ್ನಡದಲ್ಲಿ, "ಮಾಮಾ, ಕತ್ತಿ ತೊಳೀರಿ" ಎಂದ. ಅವನು ನಕ್ಕು, ನಮ್ಮ ಬಾಟಲಿಯ ನೀರನ್ನೇ ಇಸಿದುಕೊಂಡು ಮಚ್ಚನ್ನು ತೊಳೆದ.