ಪಾದಪದ ಒಡಲೊಳಗೆ

ಸಂಸ್ಕೃತದಲ್ಲಿ ಗಿಡಕ್ಕೆ ಪಾದಪವೆಂದು ಹೆಸರು. ಪಾದದಿಂದ ಕುಡಿಯುವದು ಎಂದು ಅದರ ವಿಗ್ರಹ. ಮೂವತ್ತು ವರ್ಷ ಶಾಲೆಯಲ್ಲಿ ಈ ಸಮಾಸವನ್ನು ಬಿಡಿಸಿ ಹೇಳಿದ್ದೇನೆ. ಕುಡಿದ ನೀರು ಮೇಲಕ್ಕೇರುವ ದಾರಿ ಎಂತಹದೆಂಬದನ್ನು ಕಣ್ಣಾರೆ ನೋಡುವ ಬಿಡುವು ನಿವೃತ್ತಿಯ ಮೇಲೆ ದೊರೆಯಿತು.

ಖಾನಾಪುರದ ನಮ್ಮ ಮನೆಯ ಹಿಂದಿನ ಹಳ್ಳದ ದಂಡೆಯಲ್ಲಿ ಮಳೆಗಾಲಕ್ಕೆ ಜರೀಗಿಡಗಳು ಒತ್ತಾಗಿ ಏಳುತ್ತವೆ. ಅವಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಬೆನ್ನಿನ ಕಂದು ಹುಡಿಯೇ ಸಂತಾನಕ್ಕೆ ಮೂಲ. ಕಾಂಡವು ಬಹುಮಟ್ಟಿಗೆ ನೆಲದೊಳಗೆ ಅಡಗಿರುತ್ತದೆ. ಅಂತಹದೊಂದನ್ನು ಅಡ್ಡಲಾಗಿ ತೆಳ್ಳಗೆ ಕೊಯ್ದು ಭೂತಗನ್ನಡಿಯಿಂದ ನೋಡಲು, ಬಳೆಯಾಕಾರದಲ್ಲಿ ಬಿಡಿಬಿಡಿಯಾದ ಚುಕ್ಕೆಗಳು ಕಂಡವು. ಒಂದೊಂದು ಚುಕ್ಕೆಯೂ ನಾಳಗಳ ಒಂದೊಂದು ಕಟ್ಟು.

ಈ ನಾಳಸಮುದಾಯಕ್ಕೆ ಶಾಸ್ತ್ರಜ್ಞರು ‘ಸ್ಟೀಲಿ’ ಎನ್ನುವರು. ಗ್ರೀಕ ಭಾಷೆಯಲ್ಲಿ ನೆಟ್ಟ ಕಲ್ಲೆಂದು ಅದರ ಅರ್ಥ. ಆದಿಯಲ್ಲಿ ಅದು ನಿಜವಾಗಿಯೂ ಒಂದೇ ಕಂಬವಾಗಿದ್ದಿತು. ಸ್ಕಾಟ್ಲಂಡದ ರೈನಿ ಎಂಬ ಹಳ್ಳಿಯ ಶಿಲೆಯಲ್ಲಿ ಸುಮಾರು 40 ಕೋಟಿ ವರ್ಷಗಳ ಹಿಂದಿನ ಗಿಡಗಳು ಕಲ್ಲಾಗಿ ಉಳಿದಿವೆ. ಕಿಡ್‌ಸ್ಟನ್ ಮತ್ತು ಲ್ಯಾಂಗ್ ಎಂಬ ಪಂಡಿತರು 1917ರಲ್ಲಿ ವರ್ಣಿಸಿದ ರೈನಿಯಾ ಗಿಡಕ್ಕೆ ಎಲೆಯಿಲ್ಲ, ಬೇರಿಲ್ಲ. ಕಾಂಡದ ನಡುವೆ ದೀಪದ ಬತ್ತಿಯಂತೆ ಒಂದೇ ಕಟ್ಟು. ಲೈಕೋಪೋಡಿಯಂ ಕುಲದಲ್ಲಿ ಆ ಬತ್ತಿಯು ನಕ್ಷತ್ರದಂತೆ ಮೂಲೆಗೊಂಡಿತು, ಪಟ್ಟಿಪಟ್ಟಿಯಾಯಿತು. ಜರೀಗಿಡಗಳಲ್ಲಿ ಅದು ಕೊಳವೆಯಾಗಿ, ಎಲೆ ಹೊರಟಲ್ಲೆಲ್ಲ ಕಿಂಡಿಬಿದ್ದು, ಕಡೆಗೆ ಬಲೆಯಾಯಿತು.

ಒಂದಾಗಿದ್ದುದು ಹೀಗೇಕೆ ಒಡೆಯಬೇಕು? 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಇದಕ್ಕೊಂದು ಉತ್ತರ ಕೊಡುತ್ತದೆ. ನೆಲ ಒಣಗಿದಾಗ ನಾಳದೊಳಗಿನ ನೀರಿನ ಎಳೆ ಕಡಿದು ಗಾಳಿ ಸೇರುವದು. ಆ ನಾಳವು ಬತ್ತುವದು. ನಾಳಗಳೆಲ್ಲ ಒಂದೇ ಮುದ್ದೆಯಾಗಿದ್ದರೆ ಗಾಳಿಯು ನೆರೆಯಿಂದ ನೆರೆಗೆ ಹಬ್ಬಿ ಗಿಡವೇ ಸಾಯುವದು. ಕಟ್ಟುಗಳು ಅಗಲಿದ್ದರೆ ಒಂದರ ಕೇಡು ಇನ್ನೊಂದಕ್ಕೆ ಸುಲಭವಾಗಿ ತಗಲದು. ಬಣವೆಗಳನ್ನು ದೂರದೂರ ಒಟ್ಟುವ ನಮ್ಮ ರೈತನ ಜಾಣ್ಮೆಯೇ ಇದು.

ನನ್ನ ಕಿರಿಯ ಮಗನು ಬೆಳಗಾವಿಯಲ್ಲಿ ಬೇರೆ ಒಲೆ ಹೂಡಿದಾಗ, ಮನೆ ಒಡೆಯಿತೆಂದು ಮನೆಯಾಕೆ ಕಣ್ಣೀರಿಟ್ಟಳು. ನನಗೂ ಅನ್ನ ರುಚಿಸಲಿಲ್ಲ. ಮರುವರ್ಷವೇ ಮಳೆ ಕೈಕೊಟ್ಟು ಹಿರಿಯವನ ಭತ್ತದ ಗದ್ದೆ ಒಣಗಿತು. ಆ ವರ್ಷ ಈ ಮನೆಯ ಒಲೆ ಉರಿದದ್ದು ಬೆಳಗಾವಿಯಿಂದ ಬಂದ ಹಣದಿಂದ. ಇಂದಿಗೂ ಚೌತಿಗೆ ಎಲ್ಲರೂ ಖಾನಾಪುರದಲ್ಲಿಯೇ ಕೂಡುತ್ತಾರೆ.

ಜರೀಗಿಡದ ಕಟ್ಟುಗಳು ಅಗಲುತ್ತವೆ, ಸ್ವಲ್ಪ ಮುಂದೆ ಹೋಗಿ ಮತ್ತೆ ಕೂಡುತ್ತವೆ. ಕೊಯ್ದ ಒಂದು ತುಣುಕಿನಲ್ಲಿ ಅಗಲಿಕೆ ಮಾತ್ರ ಕಾಣುವದು. ಉದ್ದಕ್ಕೂ ನೋಡಿದವನಿಗೆ ಬಲೆಯು ಕಾಣುವದು. ಬೇರೆಯಾದವರಿಗೆಲ್ಲ ಬೇರು ಬೇರೆಯಾಗಿರುವದಿಲ್ಲ.