ಬಲಾನ್ಸಾ ಎಂದರೆ ತಕ್ಕಡಿ

ರಜೆಯಲ್ಲಿ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುವಾಗ ‘ಬಲಾನ್ಸಾ’ ಎಂಬ ಪದ ಬಂತು. ಅರ್ಥ ತಕ್ಕಡಿ, ನಮ್ಮ ಮನೆಯ ಉರ್ದುವಿನಲ್ಲಿ ತರಾಜೂ. ಅಬ್ಬಾ ತಳ್ಳುಗಾಡಿಯಲ್ಲಿ ತರಕಾರಿ ತೂಗುವುದು ಅದರಲ್ಲೇ. ಸಂಜೆ ನಾನೂ ತೂಗುತ್ತೇನೆ. ಆದರೆ ಕ್ಲಾಸಿನವರು ಯಾರಾದರೂ ಕಂಡರೆ ಗಾಡಿಯ ಹಿಂದೆ ಸರಿದುಬಿಡುತ್ತಿದ್ದೆ.

ಮುಂದಿನ ಪಾಠದಲ್ಲಿ ‘ಬಲಾನ್ಸಾ ಕೊಮೆರ್ಸಿಯಾಲ್’ ಬಂತು. ಅಂಗಡಿಯ ತಕ್ಕಡಿ ಅಂದುಕೊಂಡೆ. ಅಲ್ಲ! ಅದು ನಾವು ಅರ್ಥಶಾಸ್ತ್ರದಲ್ಲಿ ಓದುವ ಬ್ಯಾಲೆನ್ಸ್ ಆಫ್ ಟ್ರೇಡ್. ದೇಶದ ರಫ್ತು ಒಂದು ತಟ್ಟೆಯಲ್ಲಿ, ಆಮದು ಇನ್ನೊಂದರಲ್ಲಿ. ಇಂಗ್ಲಿಷಿನ ‘ಬ್ಯಾಲೆನ್ಸ್’ ಕೂಡ ಲ್ಯಾಟಿನ್ನಿನ ಎರಡು ತಟ್ಟೆಯ ತಕ್ಕಡಿಯಿಂದಲೇ ಬಂದದ್ದು.

ರಾತ್ರಿ ಅಬ್ಬಾಗೆ ಹೇಳಿದೆ. “ಹಾಗಾದರೆ ನಿನ್ನ ಬ್ಯಾಲೆನ್ಸ್ ಶೀಟ್ ನಮ್ಮ ಗಾಡಿಯಿಂದಲೇ ಹೊರಟದ್ದಾ?” ಎಂದು ನಕ್ಕರು.

ಮರುದಿನ ಕ್ಲಾಸಿನ ಗೆಳೆಯನೊಬ್ಬ ಗಾಡಿ ಹತ್ತಿರ ಬಂದ. ಒಂದು ಕೆಜಿ ಟೊಮೆಟೊ ನಾನೇ ತೂಗಿ ಕೊಟ್ಟೆ.