ಲಗ್ನಪತ್ರಿಕೆಯ ಬೆನ್ನ ಮೇಲೊಂದು ಅಕ್ಷರ

ಲಗ್ನಪತ್ರಿಕೆಯಷ್ಟು ಒಳ್ಳೆಯ ಕಾಗದ ನಮ್ಮ ಕಡೆಯ ಮನೆಗಳಿಗೆ ಬೇರೆ ಯಾವ ದಾರಿಯಲ್ಲೂ ಬರುವುದಿಲ್ಲ. ದಪ್ಪ, ನುಣುಪು, ಬೆನ್ನ ಮೇಲೆ ಏನೂ ಅಚ್ಚಾಗದ ಬಿಳುಪು. ಮುಂದುಗಡೆ ಗಣಪತಿ, ವಧೂವರರ ಹೆಸರು, ಕಲ್ಯಾಣ ಮಂಟಪದ ವಿಳಾಸ. ನಾಲ್ಕು ಮೂಲೆಗೂ ಅರಿಶಿನ. ಮುಹೂರ್ತ ಕಳೆದ ಮೇಲೆ ಅದನ್ನು ಬಿಸಾಡಲು ಮನಸ್ಸು ಬಾರದು, ಇಟ್ಟುಕೊಳ್ಳಲು ನೆಪ ಸಿಗದು. ಯಲ್ದೂರಿನ ನಮ್ಮ ಮನೆಯ ಗೋಡೆಗೂಡಿನಲ್ಲಿ ಇಂಥ ಎಷ್ಟೋ ಮದುವೆಗಳು ಒಂದರ ಮೇಲೊಂದು ಮಲಗಿದ್ದವು. ನೆಪ ಒದಗಿಸಿದವಳು ಮೊಮ್ಮಗಳು. ಅವಳಿಗೆ ಅಕ್ಷರದ ವಯಸ್ಸು ಬಂತು, ನನಗೆ ಕತ್ತರಿ ಹಿಡಿಯುವ ಭಾಗ್ಯ ಬಂತು.

ಒಂದು ಪತ್ರಿಕೆಗೆ ನಾಲ್ಕು ತುಂಡು, ಒಂದು ತುಂಡಿಗೆ ಒಂದು ಅಕ್ಷರ. ಒಂದು ಮಗ್ಗುಲಲ್ಲಿ ಅಕ್ಷರ, ಅದರ ಕೆಳಗೆ ನನ್ನ ಕೈಲಾದ ಚಿತ್ರ. ತಿರುಗಿಸಿದರೆ ಗಣಪತಿಯ ಸೊಂಡಿಲಿನ ಅರ್ಧ, ಇಲ್ಲವೇ ಯಾರೋ ಮಾವನವರ ಹೆಸರಿನ ಬಾಲ. ನಾಲ್ಕು ತುಂಡಿಗೂ ಒಂದೊಂದು ಮೂಲೆಯ ಅರಿಶಿನ ತಪ್ಪದೆ ಸಿಗುತ್ತದೆ. ಮಗು ಚೀಟಿ ಕೈಗೆ ತೆಗೆದುಕೊಂಡರೆ ಮೊದಲು ಮೂಸುತ್ತದೆ, ಆಮೇಲೆ ನೋಡುತ್ತದೆ. ಶಾಲೆಯ ಮೇಷ್ಟ್ರುಗಳು ಮಿಂಚುಪಟ್ಟಿ ಎಂದು ಕರೆಯುವುದು ಇದನ್ನೇ. ತಟ್ಟನೆ ತೋರಿಸಿ ತಟ್ಟನೆ ಮರೆಮಾಡುವುದು ಅದರ ವಿಧಾನ. ಆ ಅವಸರ ನಮ್ಮ ಜಗುಲಿಗೆ ಒಗ್ಗುವುದಿಲ್ಲ. ಇಲ್ಲಿ ಅಕ್ಷರಗಳು ಬೆಳಗಿನಿಂದ ಸಂಜೆಯವರೆಗೆ ಅಂಗಾತ ಬಿದ್ದುಕೊಂಡಿರುತ್ತವೆ. ಕೋಳಿ ಬಂದು ಉ ಕಾರದ ಮೇಲೆ ಕಾಲಿಟ್ಟು ಹೋಗುತ್ತದೆ. ಮಗು ಅಡ್ಡಾಡುತ್ತ ಒಂದನ್ನು ಎತ್ತಿಕೊಳ್ಳುತ್ತದೆ, ಇನ್ನೊಂದನ್ನು ಚಾಪೆಯ ಕೆಳಗೆ ಬಚ್ಚಿಡುತ್ತದೆ. ಇದಕ್ಕೆ ನಾನಿಟ್ಟ ಹೆಸರು ಅಡ್ಡಾಡುಗಲಿಕೆ.

ಚಿತ್ರ ಬರೆಯುವಾಗ ಮಾತ್ರ ಯೋಚಿಸಬೇಕಾಗುತ್ತದೆ. ಆ ಎಂದರೆ ಆನೆ, ಇದು ಕನ್ನಡ ನಾಡಿನಲ್ಲಿ ಅಲಿಖಿತ ಶಾಸನ. ಆದರೆ ಶ್ರೀನಿವಾಸಪುರ ತಾಲ್ಲೂಕಿನ ಬಹುಪಾಲು ಮಕ್ಕಳು ತೊಟ್ಟಿಲಲ್ಲಿ ಕೇಳಿದ್ದು ತೆಲುಗು. ಚೀಟಿಯಲ್ಲಿ ಆನೆ ಕಂಡ ಕೂಡಲೇ ನಮ್ಮ ಮಗು ಕುಣಿದು ಹೇಳಿದ್ದು, "ತಾತಾ, ಏನುಗು!" ಸರಿಯಾದ ಮಾತೇ. ಆನೆಯೂ ಸರಿ, ಏನುಗೂ ಸರಿ. ಅಕ್ಷರ ಮಾತ್ರ ಆ ಬಿಟ್ಟು ಏ ಕಾರಕ್ಕೆ ಜಿಗಿಯಿತು. ಇಲಿಯನ್ನು ತೋರಿಸಿದರೆ ಎಲುಕ ಎಂದು ಎ ಕಾರಕ್ಕೆ ಓಡುತ್ತದೆ. ಎಲೆಯನ್ನು ತೋರಿಸಿದರೆ ಆಕು, ಅಂದರೆ ಆನೆ ಬಿಟ್ಟುಹೋದ ಜಾಗ ಭರ್ತಿ. ಚಿತ್ರಗಳೆಲ್ಲ ಒಂದೊಂದು ಮನೆ ಆಚೆ ಹೋಗಿ ಕುಳಿತುಬಿಟ್ಟವು. ಬೆಂಗಳೂರಿನಲ್ಲಿ ಅಚ್ಚಾದ ಬಣ್ಣದ ಚಿತ್ರಪಟಕ್ಕೆ ಈ ಸಂಗತಿ ಗೊತ್ತಿರುವ ಸಂಭವವಿಲ್ಲ. ಅಂಗನವಾಡಿಯ ಮೇಡಂಗೂ ಒಂದನೇ ತರಗತಿಯ ಮೇಷ್ಟ್ರಿಗೂ ದಿನವೂ ಗೊತ್ತು.

ಹಾಗೆಂದು ಮಕ್ಕಳಿಗೆ ಕಷ್ಟವೇನೂ ಇಲ್ಲ; ಕಷ್ಟ ಚಿತ್ರ ಬರೆಯುವವರಿಗೆ. ಮನೆಮಾತು ಬೇರೆ ಇದ್ದರೆ ಕನ್ನಡ ಹತ್ತುವುದಿಲ್ಲ ಎಂದು ಕೊರಗುವವರು ನಮ್ಮ ಜಿಲ್ಲೆಯದೇ ಆದ ಮಾಲೂರು ತಾಲ್ಲೂಕನ್ನು ನೆನೆಯಬೇಕು. 1891ರಲ್ಲಿ ಅಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಕನ್ನಡದ ಸಣ್ಣಕತೆ ನೆಟ್ಟಗೆ ನಿಂತದ್ದು ಅವರ ಕೈಯಲ್ಲಿ. ಅವರಿಗೂ ಯಾರೋ ಒಬ್ಬರು ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿರಬೇಕು ಎಂದುಕೊಂಡರೆ ನನಗೆ ಒಳಗೊಳಗೇ ಹಿಗ್ಗು.

ಹೀಗಾಗಿ ಎರಡು ಮಾತಿಗೂ ಒಂದೇ ಅಕ್ಷರದಲ್ಲಿ ನಿಲ್ಲುವ ವಸ್ತುಗಳನ್ನು ಹುಡುಕುತ್ತ ಹೊರಟೆ. ಇದಕ್ಕಿಂತ ಸುಖವಾದ ಉದ್ಯೋಗ ನಾನು ಕಂಡಿಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ಎರಡು ಸಲ ಕೂಗಿ ನೋಡುವುದು. ಕೋತಿ ಎರಡರಲ್ಲೂ ಕೋತಿಯೇ. ಬಾವಿ ಬಾವಿಯೇ. ಒಂಟೆಯೂ ಒಪ್ಪುತ್ತದೆ, ಆದರೆ ಯಲ್ದೂರಿನಲ್ಲಿ ಒಂಟೆ ಕಂಡ ಮಕ್ಕಳೆಷ್ಟು? ರಾಗಿ ಅಲ್ಲಿ ರಾಗುಲು, ನವಿಲು ಅಲ್ಲಿ ನೆಮಲಿ. ಪರವಾಗಿಲ್ಲ, ಅಂಗಳ ದಾಟಲಿಲ್ಲ. ಟೊಮೆಟೊಗೆ ಭಾಷೆಯ ಹಂಗೇ ಇಲ್ಲ, ಕೋಲಾರದ ಮಂಡಿಯಿಂದ ಎಲ್ಲ ಊರಿಗೂ ಅದೇ ಹೆಸರಲ್ಲಿ ಹೋಗುತ್ತದೆ. ಎಲ್ಲಕ್ಕಿಂತ ಘನವಾದದ್ದು ಮ. ಕನ್ನಡದ ಮಾವು, ತೆಲುಗಿನ ಮಾಮಿಡಿ, ಎರಡೂ ಬಾಯಿ ತುಂಬ ಮಾ ಎಂದೇ ಶುರುವಾಗುತ್ತವೆ. ಶ್ರೀನಿವಾಸಪುರದ ಸೀಮೆಯಲ್ಲಿ ಆ ಅಕ್ಷರಕ್ಕೆ ಬೇರೆ ಚಿತ್ರ ಬರೆದರೆ ತೋಟಗಳು ಕ್ಷಮಿಸಲಾರವು.

ಆ ಒಂದು ಚೀಟಿಯ ಅವತಾರವನ್ನು ಹೇಳಲೇಬೇಕು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ನಮ್ಮಲ್ಲಿ ಹಣ್ಣಿನ ಕಾಲ. ಬಾದಾಮಿ, ರಸಪುರಿ, ಬೇನಿಷಾ ಲಾರಿ ಹತ್ತುತ್ತಿರುತ್ತವೆ. ತೋತಾಪುರಿಗೂ ನೀಲಂಗೂ ಇನ್ನೂ ಸ್ವಲ್ಪ ದಿನ. ಮಕ್ಕಳ ಕೆನ್ನೆಯ ಮೇಲೆ ಸೊನೆ ಸುಟ್ಟ ಕಂದು ಕಲೆ. ನಮ್ಮ ಮ ಕಾರದ ಚೀಟಿಗೂ ಸೊನೆ ತಾಗಿದೆ. ಮೊದಲು ಅಂಟಂಟಾಗಿತ್ತು, ಆಮೇಲೆ ಒಣಗಿ ಗಟ್ಟಿಯಾಗಿ ಹೊಳೆಯತೊಡಗಿತು; ಈಗ ಬೆರಳಾಡಿಸಿದರೆ ಆ ಜಾಗ ಕಾಗದಕ್ಕಿಂತ ಕೊಂಚ ಎತ್ತರಕ್ಕೆ ಸಿಗುತ್ತದೆ. ಅಂಚು ಹಲ್ಲು ಕಚ್ಚಿ ನಾರುನಾರಾಗಿದೆ. ಕಣ್ಣು ಮುಚ್ಚಿ ಚೀಟಿಗಳನ್ನು ಕಲಸಿದರೂ ಮಗು ಅದನ್ನು ಬೆರಳಿನಿಂದಲೇ ಹೆಕ್ಕಿ, "ಮ" ಎಂದು ಎತ್ತಿ ಹಿಡಿಯುತ್ತದೆ. ಅಕ್ಷರವೊಂದು ಮಗುವಿನಲ್ಲಿ ಬೇರೂರುವುದು ಹೀಗೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮಗು ಮುಟ್ಟಿದ, ಮೂಸಿದ, ಕಚ್ಚಿದ ವಸ್ತುವಿಗೆ ಅಕ್ಷರ ಅಂಟಿಕೊಳ್ಳಬೇಕು. ಆಗ ಅದನ್ನು ಯಾರೂ ಕಿತ್ತುಕೊಳ್ಳಲಾರರು.

ನಮ್ಮೂರಿನ ಶಾಲೆಯ ಚೀಟಿಗಳದ್ದು ಬೇರೆಯೇ ಸಂಚಾರ. ರಾಯಲ್ಪಾಡು ದಾಟಿ ಗಡಿಯಾಚೆ ಹೋದರೆ ಮದನಪಲ್ಲಿ, ತತ್ತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರು 1895ರಲ್ಲಿ ಹುಟ್ಟಿದ ಊರು. ಅದರ ಹತ್ತಿರದ ಋಷಿ ವ್ಯಾಲಿ ಶಾಲೆಯವರು ಸುತ್ತಲಿನ ಹಳ್ಳಿಗಳಲ್ಲಿ ಪುಟ್ಟ ಪುಟ್ಟ ಶಾಲೆಗಳನ್ನು ತೆರೆದು, ಪಠ್ಯಪುಸ್ತಕವನ್ನೇ ಬಿಡಿಸಿ ಚೀಟಿಗಳನ್ನಾಗಿ ಮಾಡಿದರು. ಒಂದೊಂದು ಚಟುವಟಿಕೆಗೂ ಒಂದು ಗುರುತಿನ ಚಿತ್ರ, ಗೋಡೆಯ ಮೇಲೆ ಕಲಿಕೆಯ ಏಣಿ. ಮಗು ತನ್ನ ಮೆಟ್ಟಿಲು ತಾನೇ ಹುಡುಕಿ ಚೀಟಿ ತೆಗೆದುಕೊಂಡು ಹೋಗಿ ಕೂರುವುದು. ಅದನ್ನು ನೋಡಿ ಬಂದವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಅಲ್ಲಿ ಅದಕ್ಕೆ ಕನ್ನಡದ ರೂಪ ಬಂತು. ನಲಿ-ಕಲಿ ಎಂದು ಹೆಸರಾಯಿತು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಅಂದರೆ ನಮ್ಮ ಬೇಲಿಯಾಚೆ ತೆಲುಗಿನಲ್ಲಿ ಹುಟ್ಟಿದ ಚೀಟಿ, ಕರ್ನಾಟಕದ ಉದ್ದಗಲ ದಾಟಿ, ಕಬಿನಿಯ ನೀರು ಕುಡಿದು, ಕನ್ನಡ ಕಲಿತು, ಆಮೇಲೆ ಯಲ್ದೂರಿಗೆ ಬಂತು. ಸಂತೆಗೆ ಹೋಗುವವರು ಇಷ್ಟು ಸುತ್ತು ಹಾಕಿದರೆ ಬೈಸಿಕೊಳ್ಳುತ್ತಾರೆ. ಚೀಟಿಗೆ ಮಾತ್ರ ಈ ಸುತ್ತಾಟದಿಂದ ಲಾಭವೇ ಆಯಿತು.

ನಲಿ-ಕಲಿಯವರು ಮಾಡಿದ ಇನ್ನೊಂದು ಕೆಲಸಕ್ಕೆ ನಾನು ಮಾರುಹೋಗಿದ್ದೇನೆ. ಅ ಆ ಇ ಈ ಎಂಬ ಮೆರವಣಿಗೆಯನ್ನು ಅವರು ಚದುರಿಸಿಬಿಟ್ಟರು. ಮೊದಲು ಬರುವುದು ರ, ಗ, ಸ, ದ, ಅ. ಬೆರಳಿಗೆ ಸುಲಭವಾಗಿ ಒಲಿಯುವ ದುಂಡುದುಂಡಾದ ಐದು ಅಕ್ಷರ. ಐದೇ ಆದರೂ ಅವು ಸುಮ್ಮನೆ ಕೂರುವುದಿಲ್ಲ. ಅರಸ ಬರುತ್ತಾನೆ. ಅವನ ಹಿಂದೆಯೇ ಅಗಸ ಬರುತ್ತಾನೆ. ಗರಗಸ ಬರುತ್ತದೆ. ಸರಸರ ಬರುತ್ತದೆ, ದರದರ ಎಳೆಯುತ್ತದೆ. ನಲವತ್ತೊಂಬತ್ತೂ ಕಲಿತ ಮೇಲೆ ಓದು ಎಂಬುದು ಹಳೆಯ ಪದ್ಧತಿ; ಇಲ್ಲಿ ಐದಕ್ಕೇ ಒಂದು ರಾಜ್ಯ, ರಾಜ್ಯಕ್ಕೊಬ್ಬ ಅರಸ. ಇನ್ನೊಂದು ತಮಾಷೆ: ಈ ಐದರಲ್ಲಿ ರ, ಗ, ದ, ಅ ಗಡಿಯಾಚೆಯೂ ಹೆಚ್ಚುಕಡಿಮೆ ಇದೇ ಮೈಕಟ್ಟಿನವು, ತಲಕಟ್ಟು ಮಾತ್ರ ಬೇರೆ. ನಮ್ಮದು ಅಡ್ಡಗೆರೆ ಎಳೆದು ಕೊನೆಗೆ ಕೊಂಚ ಸುರುಳಿ, ಅವರದು ಮೇಷ್ಟ್ರು ಸರಿ ಗುರುತು ಹಾಕುವ ರೀತಿ. ಮದನಪಲ್ಲಿ ಬಸ್ಸಿನ ಬೋರ್ಡನ್ನು ನಮ್ಮ ಮಕ್ಕಳು ಅಷ್ಟಿಷ್ಟು ಓದಿಬಿಡುವುದು ಇದೇ ಧೈರ್ಯದಿಂದ.

ತಲಕಟ್ಟಿನ ಮಾತು ಬಂತು. ಕಾಗುಣಿತ ಹೇಳುವುದಕ್ಕೆ ನಮ್ಮ ಹಿರಿಯರು ಎಂಥ ಹೆಸರುಗಳನ್ನಿಟ್ಟಿದ್ದಾರೆ! ತಲಕಟ್ಟು, ಗುಡಿಸು, ಕೊಂಬು, ಕೊಂಬಿನಿಳಿ, ವಟ್ರಸುಳಿ, ಏತ್ವ. ಕ ಕಾರಕ್ಕೆ ತಲೆಯ ಮೇಲೆ ಗುಡಿಸು ಕೊಟ್ಟರೆ ಕಿ, ಪಕ್ಕಕ್ಕೆ ಕೊಂಬು ಕೊಟ್ಟರೆ ಕು. ಚೀಟಿಯ ಮೇಲೆ ಕ ಬರೆದು, ಬೇರೆ ತುಂಡುಗಳಲ್ಲಿ ಗುಡಿಸು, ಕೊಂಬು ಕತ್ತರಿಸಿ ಕೊಟ್ಟರೆ ಮಗು ಒಂದರ ನಂತರ ಒಂದು ತೊಡಿಸಿ ನೋಡುತ್ತದೆ. ತಲೆಗೂ ಕೊಂಬು, ಬಗಲಿಗೂ ಕೊಂಬು ಕೊಟ್ಟು ಇದೇನು ಅಂತ ಕೇಳುತ್ತದೆ. ವ್ಯಾಕರಣ ಬರೆದ ಕೇಶಿರಾಜನೂ ಉತ್ತರ ಹೇಳಲಾರ.

ಮಗುವಿನ ಅವ್ವ, ಅಂದರೆ ಅಜ್ಜಿ, ನನ್ನ ಮನೆಯಾಕೆ, ಫೋನಿನ ಪಕ್ಷ. ಅವಳ ಫೋನಿನಲ್ಲಿಯೂ ಚೀಟಿಗಳಿವೆ. ಬೆರಳಿಟ್ಟರೆ ತಿರುಗುತ್ತವೆ, ಬಣ್ಣ ಚೆಲ್ಲುತ್ತವೆ, ಒಬ್ಬ ಹೆಂಗಸು ಇಂಪಾದ ದನಿಯಲ್ಲಿ "ಳ, ಹಳದಿಯ ಳ" ಎನ್ನುತ್ತಾಳೆ. ಆ ದನಿಗೆ ದಣಿವಿಲ್ಲ. ಮಗು ಒಂದೇ ಜಾಗ ಕುಟ್ಟಿದರೆ "ಳ ಳ ಳ ಹಳ ಳ" ಎಂದು ತುಂಡುತುಂಡಾಗಿಯಾದರೂ ಹೇಳಿಯೇ ಹೇಳುತ್ತಾಳೆ. ಲ ಬೇರೆ, ಳ ಬೇರೆ, ಶ ಬೇರೆ, ಷ ಬೇರೆ ಎಂದು ಇಷ್ಟು ತಾಳ್ಮೆಯಿಂದ ನಾನು ಹೇಳಲಾರೆ. ಆ ದನಿಗೆ ನನ್ನ ನಮಸ್ಕಾರ. ಶಾಲೆಯ ಪುಸ್ತಕದ ಮೂಲೆಯಲ್ಲಿರುವ ಕಪ್ಪುಬಿಳುಪು ಚೌಕಕ್ಕೆ ಫೋನು ಹಿಡಿದರೆ ದೀಕ್ಷಾ ಎಂಬ ಆ್ಯಪಿನಲ್ಲಿ ಪಾಠ ತೆರೆದುಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಶಾಲೆಯ ಮುಖ ಕಾಣದ ಅವ್ವ, ಮಗುವಿಗೆ ತೋರಿಸುವ ನೆಪದಲ್ಲಿ ತಾನೂ ಕಲಿಯುತ್ತಿದ್ದಾಳೆ. ಮಗು ನಿದ್ದೆಹೋದ ಮೇಲೂ ಒಳಗಿನಿಂದ ಮೆಲ್ಲಗೆ "ಟ, ಠ" ಕೇಳಿಬರುತ್ತದೆ.

ಗಾಜಿನ ಮೇಲೆ ತಿದ್ದುವುದು ಮಾತ್ರ ನನಗೆ ರುಚಿಸದು. ಬೆರಳು ಜಾರುತ್ತದೆ, ತಡೆಯುವುದೇ ಇಲ್ಲ. ಮರಳಿನಲ್ಲಿ ತಿದ್ದಿದರೆ ಉಗುರಿನಡಿ ಕಣ ಸೇರುತ್ತದೆ, ಸ್ಲೇಟಿನ ಮೇಲೆ ಬಳಪ ಕಿರ್ ಎನ್ನುತ್ತದೆ, ತಟ್ಟೆಯ ಅಕ್ಕಿಯಲ್ಲಿ ತಿದ್ದಿದರೆ ಗೆರೆಯ ಎರಡೂ ದಂಡೆಗೆ ಕಾಳು ಸರಿದು ನಿಲ್ಲುತ್ತದೆ. ಅಕ್ಷರ ಕೊಂಚ ಎದುರಾಡಬೇಕು. ಫೋನಿನಲ್ಲಿ ಅದು ಎದುರಾಡದೆ ಶರಣಾಗುತ್ತದೆ.

ಆದರೂ ಫೋನಿನ ಹೊಟ್ಟೆಯೊಳಗೆ ಒಂದು ಸಂಗತಿಯಿದೆ, ತಿಳಿದಂದಿನಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಯೂನಿಕೋಡ್ ಎಂಬ ಲೋಕದ ಅಕ್ಷರಪಟ್ಟಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಮನೆ ನಂಬರು. ತೆಲುಗಿನ ಅ ಕಾರದ್ದು 0ಸಿ05, ಕನ್ನಡದ ಅ ಕಾರದ್ದು 0ಸಿ85. ತೆಲುಗಿನ ಬೀದಿ ಮುಗಿದ ಕಡೆಯೇ ಕನ್ನಡದ ಬೀದಿ ಶುರು, ನಡುವೆ ಒಂದು ಖಾಲಿ ನಿವೇಶನವೂ ಇಲ್ಲ. ತೆಲುಗಿನ ಕ ಕಾರಕ್ಕೆ 128 ಕೂಡಿಸಿದರೆ ಕನ್ನಡದ ಕ. ಮ ಕಾರಕ್ಕೆ 128 ಕೂಡಿಸಿದರೆ ನಮ್ಮ ಮ. ತೆಲುಗಿನ ಬೀದಿಯ ಈಚೆ ಪಕ್ಕದ್ದು ತಮಿಳು. ಕೆ.ಜಿ.ಎಫ್.ನ ತಮಿಳು, ನಮ್ಮ ಜಗುಲಿಯ ತೆಲುಗು, ನಮ್ಮ ಶಾಲೆಯ ಕನ್ನಡ, ಈ ಸಾಲಿನಲ್ಲಿ ಅಕ್ಷರಗಳಿಗೆ ಮನೆ ಹಂಚಿದವರು ಕೋಲಾರ ಜಿಲ್ಲೆಯನ್ನು ಕಂಡಿರಲಿಕ್ಕಿಲ್ಲ. ಆದರೂ ನಮ್ಮ ಜಿಲ್ಲೆ ಪ್ರಪಂಚದ ಪ್ರತಿ ಫೋನಿನೊಳಗೂ ಕೂತಿದೆ.

ಚಿತ್ರದ ಹುಡುಕಾಟಕ್ಕೆ ಮರಳೋಣ. ಎರಡು ಭಾಷೆಯ ಮಗುವಿಗೆ ಒಂದು ಅಕ್ಷರ ಕಲಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡವರು ನನಗಿಂತ ಮೊದಲೂ ಇದ್ದರು. ಮೊರಾವಿಯಾದ ಕಮೇನಿಯಸ್ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಅಚ್ಚು ಹಾಕಿಸಿದ. ಪಕ್ಕಪಕ್ಕದಲ್ಲಿ ಲ್ಯಾಟಿನ್ ಮತ್ತು ಜರ್ಮನ್. ಅದರ ಅಕ್ಷರಮಾಲೆಯಲ್ಲಿ ಪ್ರಾಣಿಯ ಹೆಸರಿಗೆ ಬೆಲೆಯಿಲ್ಲ, ಕೂಗಿಗೆ ಬೆಲೆ. ಕಾಗೆ ಆ ಆ ಅನ್ನುತ್ತದೆ, ಕುರಿಮರಿ ಬೇ ಅನ್ನುತ್ತದೆ, ಬಾತು ಖಾ ಖಾ ಅನ್ನುತ್ತದೆ. ಯಾವ ಮನೆಮಾತಿನ ಮಗುವಿಗೂ ಅಷ್ಟು ಸಾಕು. ಇದು ತಿಳಿದ ದಿನ ನಾನು ಜಗುಲಿಯಿಂದೆದ್ದು ಸುಮ್ಮನೆ ಬೀದಿ ಸುತ್ತಿ ಬಂದೆ, ಕಿವಿ ತೆರೆದುಕೊಂಡು. ಕಾಗೆ ನಮ್ಮೂರಲ್ಲಿ ಕಾ ಎನ್ನುತ್ತದೆ. ಕನ್ನಡದ ಕಾಗೆಯೂ ತೆಲುಗಿನ ಕಾಕಿಯೂ ಆ ಕೂಗಿನಿಂದಲೇ ಹೆಸರು ಪಡೆದಿವೆ. ಮೇಕೆ ಮೇ ಎನ್ನುತ್ತದೆ; ಮೇಕೆ, ಮೇಕ. ಕರು ಅಂಬಾ ಎಂದರೆ ಅನುಸ್ವಾರ ಬಂತು. ರೇಷ್ಮೆ ಮನೆಯಲ್ಲಿ ಹುಳು ಸೊಪ್ಪು ಮೇಯುವ ಸದ್ದಿಗೆ ಶ ಕೊಡಬಹುದು. ಷ ಕೊಡಬೇಕೆಂದು ಅವ್ವನ ವಾದ.

ಹೀಗೆ ತುಂಬುತ್ತ ತುಂಬುತ್ತ ಎಲ್ಲ ಚಿತ್ರಪಟಗಳೂ ಕೈಚೆಲ್ಲುವ ಎರಡು ಚೀಟಿ ಉಳಿದವು, ಙ ಮತ್ತು ಞ. ಅವುಗಳಿಂದ ಶುರುವಾಗುವ ಪದ ಕನ್ನಡದಲ್ಲಿಲ್ಲ. ಮಾರುವ ಪಟಗಳಲ್ಲಿ ಆ ಚೌಕ ಖಾಲಿ, ಇಲ್ಲವೇ ಅಲ್ಲಿ ಬರಿಯ ಹೂವಿನ ಬಳ್ಳಿ. ಙ ಕಾರಕ್ಕೆ ಗುಡಿಯ ಗಂಟೆ ಬರೆದೆ. ಬಡಿದಾಗಿನ ಸದ್ದು ಢಣ, ಆಮೇಲೆ ಮೂಗಿನಲ್ಲಿ ಉಳಿಯುವ ಬಾಲವಿದೆಯಲ್ಲ, ಅದೇ ಙ. ಮಗು ಒಪ್ಪಿತು. ಞ ಕಾರಕ್ಕೆ ನಾನು ಯೋಚಿಸುತ್ತಿರುವಾಗಲೇ ಅಟ್ಟದ ಮೇಲಿನ ಬೆಕ್ಕು ಹಾಲಿನ ಹೊತ್ತಿಗೆ ಇಳಿದು ಬಂದು ಸ್ಪಷ್ಟವಾಗಿ "ಞಾಂವ್" ಎಂದಿತು. ಅವ್ವನಿಗೆ ಅದು ಪಿಲ್ಲಿ, ಶಾಲೆಯಲ್ಲಿ ಅದು ಬೆಕ್ಕು, ಅದರ ಬಾಯಲ್ಲಿ ಅದು ಞ. ಕಮೇನಿಯಸನ ಪುಸ್ತಕದ ಬೆಕ್ಕೂ ನೌ ನೌ ಎಂದು ಮೂಗಿನಲ್ಲೇ ಕೂಗಿ ಒಂದು ಅಕ್ಷರ ಕಲಿಸುತ್ತದೆ. ನಮ್ಮ ಚೀಟಿಯಲ್ಲಿ ಬೆಕ್ಕಿನ ಮೈ ನಾನು ಬರೆದಾಯಿತು, ಮೀಸೆ ತಾನೇ ಬರೆಯುತ್ತೇನೆಂದು ಮಗು ಪೆನ್ಸಿಲು ಕಸಿದುಕೊಂಡಿದೆ. ಒಂದು ಕಡೆ ಆರು ಮೀಸೆ ಆದವು, ಇನ್ನೊಂದು ಕಡೆ ಶುರುವಾಗುತ್ತಿದೆ.